ಡಾಡ್ಜ್ ಮಾಡುವುದೂ ಅವಾಯ್ಡ್ ಮಾಡುವುದೂ ಒಂದೆಯೆ?

ಪ್ರಶ್ನೆ: ಮಗಳ ಇಂಗ್ಲಿಷ್ ಅಭ್ಯಾಸದಲ್ಲಿ ‘ಡಾಡ್ಜ್’ ಪದಕ್ಕೆ ಸಮಾನಾರ್ಥಕ ಪದ ಬರೆಯಿರಿ ಎಂದಿತ್ತು. ನಿಘಂಟು ತೆಗೆದರೆ ಅವಾಯ್ಡ್, ಇವೇಡ್, ಎಲ್ಯೂಡ್, ಶರ್ಕ್, ಡಕ್ ಎಂದು ಸಾಲುಸಾಲಾಗಿ ಇವೆ. ಕನ್ನಡದಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ‘ತಪ್ಪಿಸಿಕೊಳ್ಳು’ ಎಂದೇ ಕೊಟ್ಟಿದ್ದಾರೆ. ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದೆ? ಹಿಂದೆ ನಮ್ಮ ಕಡೆ ಓಡಾಡುತ್ತಿದ್ದ ಡಾಡ್ಜ್ ಲಾರಿಗೂ ಈ ಪದಕ್ಕೂ ಸಂಬಂಧವಿದೆಯೆ?
— ಓದುಗರೊಬ್ಬರು, ನ್ಯಾಮತಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ನಿಘಂಟಿನಲ್ಲಿ ಪದಗಳು ಅಕ್ಕಪಕ್ಕ ಕೂತಿದ್ದರೆ ಎಲ್ಲವೂ ಒಂದೇ ಎನ್ನಿಸುವುದು ಸಹಜ. ಲಾರಿಯ ವಿಷಯ ಚಿಕ್ಕದು, ಅದನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜಾನ್ ಮತ್ತು ಹೊರೇಸ್ ಡಾಡ್ಜ್ ಎಂಬ ಅಣ್ಣತಮ್ಮಂದಿರು 1914ರಲ್ಲಿ ತಮ್ಮ ಹೆಸರಿನ ಕಾರನ್ನು ಹೊರತಂದರು. ಮುಂದೆ ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅದೇ ಹೆಸರಿನ ಲಾರಿಗಳನ್ನು ನಮ್ಮ ದೇಶದಲ್ಲಿ ತಯಾರಿಸಿತು. ಲಾರಿಯ ಮೇಲಿದ್ದದ್ದು ಮನೆತನದ ಹೆಸರು. ನಿಮ್ಮ ಮಗಳ ಪುಸ್ತಕದ ಪದಕ್ಕೂ ಅದಕ್ಕೂ ನಂಟಿಲ್ಲ.

ಈಗ ಪದಕ್ಕೆ ಬರೋಣ. ಡಾಡ್ಜ್ ಎಂದರೆ ಮೂಲತಃ ಮೈಯ ಕೆಲಸ. ದೀಪಾವಳಿ ಕಳೆದ ಮೇಲೆ ನಿಮ್ಮ ಸೀಮೆಯಲ್ಲೂ ಪಕ್ಕದ ಶಿಕಾರಿಪುರ, ಹಾವೇರಿ ಕಡೆಯೂ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ನೀವು ನೋಡಿಯೇ ಇರುತ್ತೀರಿ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ. ಹಾರಕ್ಕೆ ಕೈ ಹಾಕಲು ನಿಂತ ಹುಡುಗ ಕೊಂಬು ತನ್ನತ್ತ ತಿರುಗುವವರೆಗೂ ಕದಲುವುದಿಲ್ಲ. ಕೊಂಬು ತಿರುಗಿದ ಕೂಡಲೇ ಸೊಂಟ ತಿರುವಿ ಸರಕ್ಕನೆ ಪಕ್ಕಕ್ಕೆ ಸರಿಯುತ್ತಾನೆ. ಅದೇ ಡಾಡ್ಜ್. ಎದುರಿಗೆ ಬಂದಿದ್ದರಿಂದ, ಬಂದ ಮೇಲೆ, ಚುರುಕಾಗಿ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುದು ಅದರ ಜೀವಾಳ. ಖೋ ಖೋ ಆಟದಲ್ಲಿ ಬೆನ್ನಟ್ಟುವವನಿಂದ ಓಟಗಾರ ಮೈ ತಪ್ಪಿಸುವುದಕ್ಕೂ ನಮ್ಮ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ‘ಡಾಡ್ಜ್ ಹೊಡಿ’ ಎಂದೇ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ.

ಹೋರಿಗೆ ಹೆದರಿ ಆ ದಿನ ಮನೆಯಲ್ಲೇ ಉಳಿದವನ ಸಂಗತಿ ಬೇರೆ. ಅವನು ಹೋರಿಯನ್ನು ಅವಾಯ್ಡ್ ಮಾಡಿದ. ಮುಂಚೆಯೇ ಯೋಚಿಸಿ ದೂರ ಉಳಿಯುವುದು ಅವಾಯ್ಡ್. ಇದರಲ್ಲಿ ಚಾಲಾಕಿತನವೂ ಇಲ್ಲ, ತಪ್ಪೂ ಇಲ್ಲ. ಉಪ್ಪು ಅವಾಯ್ಡ್ ಮಾಡಿ ಎಂದು ಡಾಕ್ಟರು ಹೇಳಬಹುದು. ಉಪ್ಪು ಡಾಡ್ಜ್ ಮಾಡಿ ಎಂದರೆ ರೋಗಿ ನಗುತ್ತಾನೆ. ಡಕ್ ಎಂದರೆ ತಲೆ ತಗ್ಗಿಸಿ ತಪ್ಪಿಸಿಕೊಳ್ಳುವುದು. ತಗ್ಗಿನ ಬಾಗಿಲು ದಾಟುವಾಗ ಮಾಡುವುದು ಡಕ್, ಡಾಡ್ಜ್ ಅಲ್ಲ.

ಮೈಯಿಂದ ಈ ಪದ ಮಾತಿಗೂ ವ್ಯವಹಾರಕ್ಕೂ ದಾಟಿತು. ಜಗಳೂರು ತಾಲ್ಲೂಕಿನಲ್ಲಿ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಇದೆಯಲ್ಲ, ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ‘ನಮ್ಮ ಕೆರೆಗೆ ನೀರು ಯಾವ ತಿಂಗಳು ಬರುತ್ತದೆ?’ ಎಂದು ಒಬ್ಬ ರೈತರು ಸಭೆಯಲ್ಲಿ ಕೇಳುತ್ತಾರೆ ಎನ್ನೋಣ. ‘ರೈತರ ಹಿತವೇ ನಮಗೆ ಮುಖ್ಯ’ ಎಂಬ ಉತ್ತರ ಬಂದರೆ ಪ್ರಶ್ನೆಯನ್ನು ಡಾಡ್ಜ್ ಮಾಡಿದಂತೆ. ಉತ್ತರ ಬಂದಿದೆ, ತಿಂಗಳ ಹೆಸರು ಬಂದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಹಾರಿಕೆ ಉತ್ತರ’ ಎಂಬ ಮಾತು ಸಿದ್ಧವಾಗಿದೆ. ಇಲ್ಲಿ ‘ತಪ್ಪಿಸಿಕೊಳ್ಳು’ ಎಂದು ಬರೆದರೆ ಸಪ್ಪೆ. ಚನ್ನಗಿರಿ ಕಡೆ ಅಡಿಕೆ ತೋಟವನ್ನು ಖೇಣಿಗೆ ಹಿಡಿದವನು ದುಡ್ಡಿನ ಮಾತೆತ್ತಿದಾಗಲೆಲ್ಲ ಮಳೆಯ ಸುದ್ದಿ, ಮಾರುಕಟ್ಟೆಯ ಸುದ್ದಿ ತೆಗೆದರೆ ಅದೂ ಡಾಡ್ಜ್. ಅದಕ್ಕೆ ನಾವು ‘ನುಣುಚಿಕೊಳ್ಳುವುದು’, ‘ಜಾರಿಕೊಳ್ಳುವುದು’ ಎನ್ನುತ್ತೇವೆ. ಒಂದು ದಿನ ಫೋನೇ ಎತ್ತದಿದ್ದರೆ ‘ಕೈ ಕೊಟ್ಟ’ ಎನ್ನುತ್ತೇವೆ; ಅಲ್ಲಿಗೆ ಡಾಡ್ಜ್ ಮುಗಿದು ಬೇರೆಯೇ ವಿಷಯ ಶುರುವಾಗುತ್ತದೆ.

ಶರ್ಕ್ ಪದವನ್ನು ಕೆಲಸ, ಹೊಣೆ ಇವುಗಳ ಜೊತೆ ಮಾತ್ರ ಬಳಸಿ. ಮೈಗಳ್ಳತನ ಮಾಡುವುದು ಎಂದರೆ ಸಾಕು.

ಎಲ್ಯೂಡ್ ಸ್ವಲ್ಪ ಚೆಲುವಾದ ಪದ, ಅದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳಿಗೆಂದೇ ಒಂದು ವನ್ಯಧಾಮವಿದೆ. ಗಂಡಿಗೆ ನಾಲ್ಕು ಕೊಂಬು ಮೂಡುವ ಈ ಪ್ರಾಣಿ ಬಲು ಸಂಕೋಚದ್ದು. ಹಿಂಡು ಕಟ್ಟುವುದು ಕಡಿಮೆ, ಹುಲ್ಲು ಪೊದೆಗಳ ಮರೆಯಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ನೋಡಲೆಂದೇ ಹೋದವರು ಕಾಣದೆ ಹಿಂದಿರುಗಿದರೆ ಅದು ಅವರನ್ನು ಎಲ್ಯೂಡ್ ಮಾಡಿತು ಎನ್ನಬಹುದು: ಹುಡುಕಿದರೂ ಕೈಗೆ, ಕಣ್ಣಿಗೆ ಸಿಗದಿರುವುದು. ನಾಲಿಗೆಯ ತುದಿಯಲ್ಲಿದ್ದೂ ನೆನಪಿಗೆ ಬಾರದ ಹೆಸರಿಗೂ ಇಂಗ್ಲಿಷಿನವರು ಇದೇ ಪದ ಬಳಸುತ್ತಾರೆ. ಹೆಸರಿಗೆ ನಮ್ಮನ್ನು ವಂಚಿಸುವ ಉದ್ದೇಶವೇನೂ ಇರುವುದಿಲ್ಲವಲ್ಲ, ಆದ್ದರಿಂದ ಅಲ್ಲಿ ಡಾಡ್ಜ್ ಹೊಂದುವುದಿಲ್ಲ.

ಉಳಿದದ್ದು ಇವೇಡ್. ಇದರಲ್ಲಿ ಕಾನೂನಿನ ವಾಸನೆ ಇದೆ. ನಿಮ್ಮ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 17 ಕಿಲೋಗೂ ಹೆಚ್ಚು ಚಿನ್ನ ಕಳುವಾದದ್ದು ನಿಮಗೆ ನೆನಪಿರುತ್ತದೆ. ಕಳ್ಳರು ಖಾರದ ಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಕೂಡ ಹೊತ್ತುಕೊಂಡು ಹೋಗಿದ್ದರು. ಸುಮಾರು ಐದು ತಿಂಗಳ ಮೇಲೆ, 2025ರ ಮಾರ್ಚ್‌ನಲ್ಲಿ ಪೊಲೀಸರು ಆರು ಮಂದಿಯನ್ನು ಬಂಧಿಸಿದ ಸುದ್ದಿ ಬಂತು. ಚಿನ್ನದ ದೊಡ್ಡ ಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿತ್ತು. ಆ ಐದು ತಿಂಗಳು ಕಳ್ಳರು ಪೊಲೀಸರನ್ನು ಇವೇಡ್ ಮಾಡಿದರು ಎನ್ನುವುದು ಸರಿಯಾದ ಪ್ರಯೋಗ. ಕನ್ನಡ ಪತ್ರಿಕೆಗಳು ಇಂಥಲ್ಲಿ ‘ತಲೆಮರೆಸಿಕೊಂಡಿದ್ದರು’ ಎಂದು ಬರೆದುಬಿಡುತ್ತವೆ. ಆದರೆ ಊರು ಬಿಟ್ಟು ಅಡಗಿದರೆ ಮಾತ್ರ ತಲೆಮರೆಸಿಕೊಳ್ಳುವುದು. ಊರಲ್ಲೇ ಓಡಾಡಿಕೊಂಡು ಅನುಮಾನ ಬಾರದಂತೆ ಇದ್ದರೆ ಕಣ್ತಪ್ಪಿಸುವುದು, ಇಲ್ಲವೆ ಚಳ್ಳೆಹಣ್ಣು ತಿನ್ನಿಸುವುದು. ಇವೇಡ್ ಎರಡಕ್ಕೂ ಆಗುತ್ತದೆ.

ಬಹಳ ಜನ ಎಡವುವ ಜಾಗವೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ತೆರಿಗೆಯ ಮಾತು ಬಂದಾಗ ಅವಾಯ್ಡ್ ಮತ್ತು ಇವೇಡ್ ನಡುವೆ ಜೈಲಿನ ಗೋಡೆಯಷ್ಟು ಅಂತರವಿದೆ. ಕಾನೂನಿನ ಚೌಕಟ್ಟಿನೊಳಗೇ ತೆರಿಗೆಯ ಹೊರೆ ತಗ್ಗಿಸಿಕೊಂಡರೆ ಅವಾಯ್ಡ್. ತೆರಬೇಕಾದದ್ದನ್ನು ಸುಳ್ಳು ಹೇಳಿ, ಮರೆಮಾಚಿ ತೆರದಿದ್ದರೆ ಇವೇಡ್. ಇದಕ್ಕೆ ನಮ್ಮ ಪತ್ರಿಕೆಗಳು ‘ತೆರಿಗೆ ವಂಚನೆ’ ಎಂಬ ಒಳ್ಳೆಯ ಪದವನ್ನು ರೂಢಿಗೆ ತಂದಿವೆ. ಅಡಿಕೆಯನ್ನೇ ನೋಡಿ. ತಾನು ಬೆಳೆದ ಅಡಿಕೆಯನ್ನು ಮಾರುವ ರೈತನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆತ ಏನನ್ನೂ ತಪ್ಪಿಸಿಕೊಳ್ಳುತ್ತಿಲ್ಲ. ಅದೇ ಅಡಿಕೆಯನ್ನು ಕೊಂಡ ವ್ಯಾಪಾರಿ ಶೇ 5ರ ತೆರಿಗೆ ಕಟ್ಟದೆ, ಬಿಲ್ಲಿಲ್ಲದೆ ರಾತ್ರೋರಾತ್ರಿ ಲಾರಿ ತುಂಬಿಸಿ ಹೊರರಾಜ್ಯಕ್ಕೆ ಕಳಿಸಿದರೆ ಅದು ಇವೇಡ್. ಆಡುಮಾತಿನ ಇಂಗ್ಲಿಷಿನಲ್ಲಿ ‘ಟ್ಯಾಕ್ಸ್ ಡಾಡ್ಜ್’ ಎಂಬುದೂ ಉಂಟು. ಅದನ್ನು ಎರಡಕ್ಕೂ ಸಡಿಲವಾಗಿ ಅನ್ನುತ್ತಾರೆ, ಹಾಗಾಗಿ ಪರೀಕ್ಷೆಯಲ್ಲಿ ಬೇಡ.

ಕೊಡುವುದಿಲ್ಲ ಎಂದು ಎದುರೆದುರೇ ಹೇಳುವುದು ಈ ಪದಗಳಲ್ಲಿ ಯಾವುದಕ್ಕೂ ಸೇರದು. 1830–31ರ ನಗರ ದಂಗೆಯ ಕಾಲದಲ್ಲಿ ಬಸವಾಪಟ್ಟಣ, ಹೊನ್ನಾಳಿ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡೆವು ಎಂದರು. 1930ರ ದಶಕದ ಆರಂಭದಲ್ಲಿ ಅಂಕೋಲ, ಸಿದ್ದಾಪುರದವರು ಕರನಿರಾಕರಣೆ ಮಾಡಿ ಜಮೀನು ಜಪ್ತಿಯಾಗುವುದನ್ನು ಕಣ್ಣಾರೆ ಕಂಡರು. ಅವರು ಡಾಡ್ಜ್ ಮಾಡಲಿಲ್ಲ, ಇವೇಡ್ ಮಾಡಲಿಲ್ಲ, ರೆಫ್ಯೂಸ್ ಮಾಡಿದರು. ನಿಘಂಟಿನ ಆ ಸಾಲಿನಲ್ಲಿ ರೆಫ್ಯೂಸ್ ಇಲ್ಲದಿರುವುದಕ್ಕೆ ಇದೇ ಕಾರಣ.

ನಿಮ್ಮ ಮಗಳಿಗೆ ವ್ಯಾಕರಣದ ಒಂದು ಕಿವಿಮಾತು. ಡಾಡ್ಜ್, ಅವಾಯ್ಡ್, ಇವೇಡ್ ಮೂರರ ಮುಂದೆಯೂ ‘ಟು’ ಸೇರಿಸಿ ಕ್ರಿಯಾಪದ ಬರೆಯಬಾರದು. ‘ಅವಾಯ್ಡ್ ಟು ಗೋ’ ತಪ್ಪು, ‘ಅವಾಯ್ಡ್ ಗೋಯಿಂಗ್’ ಸರಿ. ಕನ್ನಡದ ‘ಹೋಗುವುದನ್ನು ತಪ್ಪಿಸು’ ಎಂಬುದರಲ್ಲಿ ‘ಹೋಗುವುದು’ ಹೇಗೆ ನಾಮಪದದಂತೆ ನಿಲ್ಲುತ್ತದೆಯೋ ಅಲ್ಲಿಯೂ ಹಾಗೆಯೇ. ‘ಡಾಡ್ಜ್’ಗೆ ಒಂದೇ ಪದದಲ್ಲಿ ಉತ್ತರ ಬರೆಯಬೇಕಾಗಿ ಬಂದರೆ, ವಾಕ್ಯದಲ್ಲಿ ಕಲ್ಲು, ಚೆಂಡು, ಪೆಟ್ಟು ಇದ್ದಾಗ ಅವಾಯ್ಡ್ ಎಂದೂ, ಪ್ರಶ್ನೆ ಅಥವಾ ಹೊಣೆ ಇದ್ದಾಗ ಇವೇಡ್ ಎಂದೂ ಬರೆಯಲಿ. ವಾಕ್ಯವೇ ಕೊಡದೆ ಬರಿಯ ಪದ ಕೊಟ್ಟಿದ್ದರೆ ಎರಡರಲ್ಲಿ ಯಾವುದಕ್ಕೂ ಮೇಷ್ಟ್ರು ಅಂಕ ಕೊಡಬೇಕಾಗುತ್ತದೆ.