ಪರಸಿ ಕಲ್ಲಿನ ಸೀಮೆಯಲ್ಲಿ ಕನಸಿನ ಫೋಟೊ ತೆಗೆಯುವ ಸೂತ್ರಗಳು

ಸರ್ರಿಯಲಿಸಂ ಅಂದರೆ 1924ರ ಪ್ಯಾರಿಸ್, ಆಂದ್ರೆ ಬ್ರೆಟನ್ನನ ಪ್ರಣಾಳಿಕೆ, ಡಾಲಿಯ ಮೀಸೆ ಎಂದು ಓದಿಕೊಂಡ ನಮ್ಮ ಹುಡುಗರು ಕ್ಯಾಮೆರಾ ಕೊಂಡ ಕೂಡಲೇ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯವರಿಗೆ ಆ ಅಗತ್ಯವೇ ಇಲ್ಲ. ಕನಸಿನಂಥ ಚಿತ್ರ ಹುಟ್ಟುವುದು ಒಂದೆಡೆ ಇರಬಾರದ ಎರಡು ನಿಜಗಳು ಒಂದೆಡೆ ಬಂದಾಗ. ಅಂಥ ಜೋಡಿಗಳಿಗೆ ಇಲ್ಲಿ ಬರವಿಲ್ಲ.

1. ಮೊದಲು ಸನ್ನತಿ ನೋಡಿ ಬನ್ನಿ. ಚಿತ್ತಾಪುರ ತಾಲ್ಲೂಕಿನ ಈ ಭೀಮಾ ತೀರದ ಊರಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು! ಮೂರ್ತಿ ನಿಲ್ಲಿಸಲೆಂದು ಶಾಸನದ ಕಲ್ಲಿಗೇ ತೂತು ಕೊರೆದಿದ್ದರು. ಚಕ್ರವರ್ತಿಯ ಆಜ್ಞೆ ಕೆಳಗೆ, ದೇವಿ ಮೇಲೆ. ಯಾರೋ ತಮ್ಮ ಅಗತ್ಯಕ್ಕೆ ಮಾಡಿದ ಕೆಲಸದಿಂದ ಈ ಭೇಟಿ ಆಯಿತು. ನಿಮ್ಮ ಚಿತ್ರದಲ್ಲೂ ಎರಡು ವಸ್ತುಗಳು ಕೂಡಲು ಇಂಥದೊಂದು ಕಾರಣ ಇರಲಿ. ಆಕಾಶದಲ್ಲಿ ಮೀನು ತೇಲಿಸಿಬಿಟ್ಟರೆ ಸಾಲದು.

2. ಕ್ಯಾಮೆರಾಕ್ಕಿಂತ ಮೊದಲು ಪೆನ್ಸಿಲ್ ಹಿಡಿಯಿರಿ. ಕನಸು ಬಿದ್ದರೆ ಬೆಳಗ್ಗೆ ಚಹಾ ಕುಡಿಯುವ ಮೊದಲೇ ಗೀಚಿಟ್ಟುಕೊಳ್ಳಿ.

3. ಶಹಾಬಾದದ ಖಣಿಯನ್ನು ಓದಿ. ಪುಸ್ತಕ ಜೋಡಿಸಿದಂತೆ ಪದರ ಪದರವಾಗಿ ಕೂತ ಸುಣ್ಣಕಲ್ಲು (ಇದೇ ನಮ್ಮ ಪರಸಿ), ಕೆಳಗೆ ನಿಂತ ಹಸಿರು ನೀರು, ಮೇಲೆ ಧೂಳು ಹೊದ್ದ ಬೇವಿನ ಮರ. ಕಲ್ಲು ಒಣಗಿದ್ದಾಗ ಮಂಕು ಬೂದಿ ಬಣ್ಣ. ಒಂದು ಕೊಡ ನೀರು ಸುರಿಯಿರಿ: ಪರಸಿ ಕಪ್ಪಾಗುತ್ತದೆ, ಅದರೊಳಗೆ ಆಕಾಶ ಇಳಿಯುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟರೆ ಎದುರು ನಿಂತವರು ತಲೆಕೆಳಗಾಗಿ ಕಲ್ಲಿನೊಳಗೆ ನಡೆಯುತ್ತಾರೆ. ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಆದರೆ ಬಿಟ್ಟ ಖಣಿಯ ಅಂಚಿಗೆ ಒಬ್ಬರೇ ಹೋಗಬೇಡಿ, ಅಂಚಿನ ಕಲ್ಲು ಸಡಿಲಾಗಿರುತ್ತದೆ.

4. ನೆರಳು ಸುಳ್ಳು ಹೇಳಬಾರದು. ಎರಡು ಚಿತ್ರ ಸೇರಿಸುವಾಗ ಬಿಸಿಲಿನ ದಿಕ್ಕು, ಕ್ಯಾಮೆರಾದ ಎತ್ತರ ಎರಡೂ ತಾಳೆಯಾಗಲಿ. 1990ರಲ್ಲಿ ಫೋಟೊಶಾಪ್ ಬರುವುದಕ್ಕೆ ಎಷ್ಟೋ ಮೊದಲೇ ಬೆಂಗಳೂರಿನ ಸಿ. ರಾಜಗೋಪಾಲ್ ಡಾರ್ಕ್‌ರೂಮಿನಲ್ಲಿ ಹಲವು ನೆಗೆಟಿವ್ ಕೂಡಿಸಿ ಒಂದೇ ಚಿತ್ರ ಮಾಡುತ್ತಿದ್ದರು. ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಒಂದೇ ಕಾಗದವನ್ನು ಒಂದು ಎನ್‌ಲಾರ್ಜರಿನಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದರು. ಇಂದು ಬೆರಳ ತುದಿಯಲ್ಲಿ ಎಲ್ಲವೂ ಇದೆ, ಆ ತಾಳ್ಮೆಯೊಂದು ಬಿಟ್ಟು.

5. ಕೈಯಿಂದ ಆಗುವುದನ್ನು ಕೈಯಿಂದಲೇ ಮಾಡಿ. 1948ರಲ್ಲಿ ಫಿಲಿಪ್ ಹಾಲ್ಸ್‌ಮನ್ ಡಾಲಿಯನ್ನು ಜಿಗಿಸಿ, ಬೆಕ್ಕು ಮತ್ತು ನೀರನ್ನು ಎಸೆಸಿ ತೆಗೆದ ಚಿತ್ರಕ್ಕೆ 28 ಪ್ರಯತ್ನ ಬೇಕಾಯಿತು. ಬೆಕ್ಕು ಎಸೆಯಬೇಡಿ, ತೊಗರಿ ಹೊಟ್ಟು ತೂರಿ, ಸೀರೆ ಹಾರಿಸಿ.

6. ವಾಡಿ ಜಂಕ್ಷನ್ನಿಗೆ ರಾತ್ರಿ ಹೋಗಿ, ರೈಲ್ವೆಯ ಅನುಮತಿ ಪಡೆದು. ಸಿಕಂದರಾಬಾದಿನ ಹಳಿ 1874ರಿಂದ ಇಲ್ಲಿಗೆ ಬಂದು ಕೂಡುತ್ತದೆ. ಟ್ರೈಪಾಡ್ ನಿಲ್ಲಿಸಿ 30 ಸೆಕೆಂಡಿನ ಎಕ್ಸ್‌ಪೋಷರ್ ಕೊಡಿ. ಗೆಳೆಯ ಪ್ಲಾಟ್‌ಫಾರಂ ಮೇಲೆ 15 ಸೆಕೆಂಡ್ ಅಲುಗದೆ ನಿಂತು ಸರಿದುಬಿಡಲಿ. ಚಿತ್ರದಲ್ಲಿ ಅವನ ಮೈ ಹಾಯ್ದು ಹಿಂದಿನ ಬೆಂಚು ಕಾಣುತ್ತದೆ.

7. ಮಳಖೇಡದಲ್ಲಿ ಡಬಲ್ ಎಕ್ಸ್‌ಪೋಷರ್ ಕಲಿಯಿರಿ. ಎರಡನೆಯ ಚಿತ್ರ ಮೂಡುವುದು ಮೊದಲನೆಯದರ ಕಪ್ಪು ಭಾಗದಲ್ಲಿ. ಸಂಜೆ ಕಾಗಿಣಾ ದಂಡೆಯ ಕೋಟೆಯನ್ನು ಕಪ್ಪು ಆಕೃತಿಯಾಗಿ ಹಿಡಿಯಿರಿ, ಅದರೊಳಗೆ ಸಿಮೆಂಟ್ ಕಾರ್ಖಾನೆಯ ದೀಪಗಳನ್ನು ತುಂಬಿ. ಅಮೋಘವರ್ಷನ ರಾಜಧಾನಿಯಾಗಿದ್ದ ಈ ಊರಿನ ಸೀಮೆಯ ಸುಣ್ಣಕಲ್ಲು ಇಂದು ಬೇಯುವುದು ಆ ಕಾರ್ಖಾನೆಯ ಗೂಡುಗಳಲ್ಲೇ.

8. ಹಸಿರು ಬೇಕಾದರೆ ಮಳೆಗಾಲದ ನಂತರ ಚಿಂಚೋಳಿಯ ಕಾಡಿಗೆ ಹೋಗಿ. ಅದು 2011ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯನ್ನು ಕೇಳಿಯೇ ಒಳಗೆ ಕಾಲಿಡಿ.

9. ವಿಚಿತ್ರ ವೇಷ ಬೇಕೆನಿಸಿದರೆ ಮೊದಲು ನೀವೇ ತೊಡಿ. ಬೆಂಗಳೂರಿನ ಎನ್. ಪುಷ್ಪಮಾಲಾ ಕ್ಲೇರ್ ಆರ್ನಿಯ ಜತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಹಳೆಯ ಚಿತ್ರಗಳ ಹೆಣ್ಣುಗಳಾಗಿ ತಾವೇ ನಿಂತರು. ಬಿಸಿಲಲ್ಲಿ ಬೆವರು ಸುರಿಸುವ ಖಣಿ ಕಾರ್ಮಿಕರು ನಿಮ್ಮ ಕನಸಿನ ಅಲಂಕಾರವಲ್ಲ. ಕೇಳಿ, ಒಪ್ಪಿದರೆ ತೆಗೆಯಿರಿ, ಅರ್ಧ ದಿನ ನಿಲ್ಲಿಸಿದರೆ ಅರ್ಧ ದಿನದ ಕೂಲಿ ಕೊಡಿ.

10. ಪ್ರಿಂಟ್ ಹಾಕಿಸಿ ಅದೇ ಖಣಿಗೆ ಒಯ್ಯಿರಿ. ಕಲ್ಲು ಎಬ್ಬಿಸುವವರಿಗೆ ಪದರ ಎತ್ತ ಹೋಗುತ್ತದೆ ಎಂಬುದು ಗೊತ್ತು. ನೀವು ಕಲ್ಲನ್ನು ಅಡ್ಡಾದಿಡ್ಡಿ ತಿರುಗಿಸಿ ಜೋಡಿಸಿದ್ದರೆ ಎಲ್ಲರಿಗಿಂತ ಮೊದಲು ಅವರೇ ಹಿಡಿಯುತ್ತಾರೆ. ‘ಈ ಕಲ್ಲು ಹಿಂಗ ಕೂಡಂಗಿಲ್ರಿ’ ಅಂದರೆ ವಾದಿಸಬೇಡಿ, ಮನೆಗೆ ಬಂದು ತಿದ್ದಿ.