ಮನೆಯಲ್ಲಿರುವ ಹಳೆಯ ಖಡ್ಗ: ಕಾಯಿದೆ ಏನು ಹೇಳುತ್ತದೆ?



ಮಹಾನವಮಿ ಹತ್ತಿರ ಬಂದಂತೆ, ಅಡಿಕೆ ತೂಕಕ್ಕೆಂದು ಬರುವ ಸದಸ್ಯರು ಧಾರಣೆಯ ಮಾತು ಮುಗಿಸಿ ಮೆಲ್ಲಗೆ ಕೇಳುವ ಪ್ರಶ್ನೆಯೊಂದಿದೆ. ಅಜ್ಜನ ಕಾಲದ ಖಡ್ಗ ದೇವರ ಮನೆಯಲ್ಲಿದೆ, ವರ್ಷಕ್ಕೊಮ್ಮೆ ಆಯುಧಪೂಜೆಗೆ ತೆಗೆದು ಒರೆಸಿ ಕುಂಕುಮ ಇಡುತ್ತೇವೆ, ಅದಕ್ಕೆ ಲೈಸೆನ್ಸ್ ಬೇಕೇ ಎಂದು. ಹೊನ್ನಾಳಿ ಸೀಮೆಯಲ್ಲಿ ಇಂಥ ಮನೆಗಳಿರುವುದು ಆಶ್ಚರ್ಯವಲ್ಲ. 1830-31ರ ನಗರ ದಂಗೆಯಲ್ಲಿ ನಮ್ಮ ಹೊನ್ನಾಳಿಯ ಕೋಟೆಯೂ ಕಾದಾಟ ಕಂಡಿದೆ. ಪೊಲೀಸರಿಗೆ ಹೆದರಿ ಹಿರಿಯರ ಖಡ್ಗವನ್ನು ತುಂಗಭದ್ರೆಗೆ ಹಾಕುವವರುಂಟು. ಹೆದರಿಕೆಯೇ ಇಲ್ಲದೆ ಮೆರವಣಿಗೆಯಲ್ಲಿ ಅದನ್ನು ತಿರುಗಿಸಿ ಠಾಣೆಯ ಮೆಟ್ಟಿಲು ಹತ್ತುವವರೂ ಉಂಟು. ಕಾಯಿದೆ ತಿಳಿದಿದ್ದರೆ ಎರಡೂ ಬೇಕಾಗುವುದಿಲ್ಲ.

ಈಗ ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು ಅದರಡಿ ಬಂದ 2016ರ ನಿಯಮಗಳು. ಬಂದೂಕಿಗೂ ಖಡ್ಗಕ್ಕೂ ಒಂದೇ ಕಟ್ಟಳೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಬಂದೂಕು 3ನೇ ಕಲಮಿನಲ್ಲಿ ಬರುತ್ತದೆ. ವಿನಾಯಿತಿ ಇಲ್ಲದವರು ದೇಶದ ಯಾವ ಮೂಲೆಯಲ್ಲಿದ್ದರೂ ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಖಡ್ಗ, ಬಾಕು, ಭರ್ಜಿಗಳು 4ನೇ ಕಲಮಿಗೆ ಸೇರುತ್ತವೆ. ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿ, ಇಂಥ ಪ್ರದೇಶದಲ್ಲಿ ಇಂಥ ಬಗೆಯ ಆಯುಧಕ್ಕೆ ಲೈಸೆನ್ಸ್ ಬೇಕು ಎಂದು ಹೇಳಿದ್ದರೆ ಮಾತ್ರ, ಆ ಪ್ರದೇಶದೊಳಗೆ ಅದನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಆಗ 25ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. ಅಧಿಸೂಚನೆಯನ್ನು ಹಾಜರುಪಡಿಸದ ಕಾರಣಕ್ಕೆ ನ್ಯಾಯಾಲಯಗಳು ಆರೋಪಿಗಳನ್ನು ಬಿಟ್ಟ ಮೊಕದ್ದಮೆಗಳುಂಟು. ಆದರೆ ಬಿಡುಗಡೆಯಾಗುವ ತನಕ ವಕೀಲರ ಫೀಸು, ವಾಯಿದೆ, ಓಡಾಟ ಎಲ್ಲವೂ ನಮ್ಮ ಪಾಲಿನದೇ.

ಆದುದರಿಂದ ಮನೆಯಲ್ಲಿ ಖಡ್ಗವುಳ್ಳವರು ಮಾಡಬೇಕಾದ ಮೊದಲ ಕೆಲಸ ಒಂದು ಅರ್ಜಿ ಬರೆಯುವುದು. ನಮ್ಮ ತಾಲ್ಲೂಕಿಗೆ 4ನೇ ಕಲಮಿನ ಅಧಿಸೂಚನೆ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ಅದರ ಸಂಖ್ಯೆ, ದಿನಾಂಕ ಯಾವುದು ಎಂದು ದಾವಣಗೆರೆಯ ಜಿಲ್ಲಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ಕೇಳಿರಿ. ಲೈಸೆನ್ಸ್ ಬೇಕೆಂದಾದರೆ ಅದನ್ನು ಕೊಡುವವರೂ ಜಿಲ್ಲಾ ದಂಡಾಧಿಕಾರಿಗಳೇ. ಬಾಯಿಮಾತಿನ ಉತ್ತರ ಸಾಲದು. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಅರ್ಜಿಯ ಪ್ರತಿಯನ್ನು ಪಹಣಿ, ಪಾಲುಪತ್ರಗಳ ಜೊತೆ ಇಡಿ. ಮನೆ ಪಾಲಾಗುವಾಗ ಖಡ್ಗ ಯಾರ ಪಾಲಿಗೆ ಹೋಯಿತೆಂದು ಪಾಲುಪತ್ರದಲ್ಲಿ ಒಂದು ಸಾಲು ಬರೆಸುವುದು ಒಳ್ಳೆಯದು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಪೊಲೀಸರಿಗೆ ಮೊದಲು ಹೋಗುವ ದೂರು ಇದೇ ಎಂಬುದನ್ನು ನಾವು ಬಲ್ಲೆವು.

ಹಳೆಯ ಕಾಲದ ವಸ್ತು, ಅದಕ್ಕೆ ಕಾಯಿದೆಯೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಅದು ಬಂದೂಕಿನಂತೆ ಬಳಸಲಾಗದ ಆಯುಧ ಎಂಬ ಲೆಕ್ಕದಲ್ಲಿ ಬರೆದ ಮಾತು. ಅದೊಂದನ್ನೇ ನಂಬಿ ಹರಿತವಾದ ಖಡ್ಗವನ್ನು ಕಾರಿನಲ್ಲಿಟ್ಟುಕೊಂಡು ತಿರುಗುವುದು ಜಾಣತನವಲ್ಲ.

ಇನ್ನು ನಮ್ಮ ದಿನನಿತ್ಯದ ಹತ್ಯಾರುಗಳು. 2016ರ ನಿಯಮಗಳ ಪಟ್ಟಿಯಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿಗಳೂ ಸೇರಿವೆ. ಇದನ್ನು ಓದಿದರೆ ಮಚ್ಚು, ಕುಡುಗೋಲು, ಗೊನೆ ಕೊಯ್ಯುವ ದೋಟಿಯ ಕತ್ತಿ ಎಲ್ಲವೂ ಸಿಕ್ಕಿಬಿದ್ದಂತೆ ತೋರುತ್ತದೆ. ಹೆದರಬೇಕಾಗಿಲ್ಲ. ಮನೆಬಳಕೆಗೆ, ಬೇಸಾಯಕ್ಕೆ ಎಂದೇ ಮಾಡಿದ ವಸ್ತುಗಳನ್ನು ಕಾಯಿದೆ ಹೊರಗಿಟ್ಟಿದೆ. ಅಲಗು ಎಷ್ಟು ಉದ್ದವೆಂಬುದರ ಜೊತೆಗೆ ಅದನ್ನು ಯಾವುದಕ್ಕಾಗಿ ಮಾಡಿದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ಅದೇ ಮಚ್ಚು ಬೇಲಿ ಜಗಳದಲ್ಲಿ ಕೈಗೆ ಬಂದರೆ ಕಥೆ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಮು ಅಪಾಯಕಾರಿ ಆಯುಧದಿಂದ ಮಾಡಿದ ಗಾಯಕ್ಕೆ ಹೆಚ್ಚಿನ ಶಿಕ್ಷೆ ಹೇಳುತ್ತದೆ. ಮಚ್ಚು ತೋಟದ್ದೆಂಬ ಸಮಜಾಯಿಷಿ ಅಲ್ಲಿ ನಡೆಯದು. ಕೊಯ್ಲಿನ ಆಳುಗಳು ಬೈಕಿನಲ್ಲಿ ಹೋಗುವಾಗ ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಳ್ಳಲಿ. ಚೇಣಿದಾರರೂ ಇದನ್ನು ತಮ್ಮವರಿಗೆ ಹೇಳಬೇಕು.

ಮನೆಯೊಳಗಿನ ಮಾತು ಒಂದಾದರೆ ಬೀದಿಯ ಮಾತು ಇನ್ನೊಂದು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 35ನೇ ಕಲಮಿನಡಿ ಖಡ್ಗ, ಭರ್ಜಿ, ದೊಣ್ಣೆ ಹಿಡಿದು ತಿರುಗುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಲು ಅಧಿಕಾರವಿದೆ. ಚುನಾವಣೆ, ಗಲಭೆಯ ಕಾಲದಲ್ಲಿ ಇಂಥ ಆಜ್ಞೆಗಳು ಬರುತ್ತಲೇ ಇರುತ್ತವೆ. ನಮ್ಮ ಕಡೆ ವೀರಭದ್ರ ದೇವರ ಗುಗ್ಗಳದಲ್ಲಿ ಪುರವಂತರು ಶಸ್ತ್ರ ಹಿಡಿಯುವುದು, ಬನ್ನಿ ಮುಡಿಯಲು ದೇವರ ಜೊತೆ ಖಡ್ಗ ಹೊರಡುವುದು ತಲೆತಲಾಂತರದ ಸಂಪ್ರದಾಯ. ಅದನ್ನು ಬಿಡಿ ಎಂದು ನಾವು ಹೇಳುವವರಲ್ಲ. ದೇವಸ್ಥಾನದ ಸಮಿತಿಯವರು ದಿನ, ದಾರಿ, ಶಸ್ತ್ರ ಹಿಡಿಯುವವರ ಹೆಸರು ಬರೆದು ಠಾಣೆಗೆ ಮುಂಚಿತವಾಗಿ ಕೊಟ್ಟು ಒಪ್ಪಿಗೆ ಪಡೆದರೆ ಎಲ್ಲರಿಗೂ ಕ್ಷೇಮ. ಆದರೆ ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ಫೋನಿನಲ್ಲಿ ಹಾಕುವ ಈಚಿನ ಚಾಳಿಗೆ ಯಾವ ಸಂಪ್ರದಾಯದ ಆಸರೆಯೂ ಇಲ್ಲ. ಆ ಚಿತ್ರವೇ ಪೊಲೀಸರಿಗೆ ಸಾಕ್ಷಿ.

ಕೊಡಗಿನವರಿಗೆ ಇದೆಲ್ಲ ಯಾಕಿಲ್ಲ ಎಂದು ಕೇಳುವವರಿದ್ದಾರೆ. 1857ರಲ್ಲಿ ಬ್ರಿಟಿಷರು ಆಯುಧಗಳ ಮೇಲೆ ಕಾಯಿದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ತಿರುಗಿಬಿದ್ದರು. ಊರಿಗೆ ದಂಡು ನುಗ್ಗಿತು, ಹಲವರನ್ನು ಗಲ್ಲಿಗೇರಿಸಿದರು. ಅದೇ ಸರ್ಕಾರ 1861ರಲ್ಲಿ ಕೊಡವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟಿತು. ಆ ರಿಯಾಯಿತಿ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿಯೇ ಜಾಗವಿದೆ. ಹೊನ್ನಾಳಿಯ ರೈತರಿಗೆ ಇಂಥ ರಿಯಾಯಿತಿ ಯಾವುದೂ ಇಲ್ಲ.

ಖಡ್ಗ ಮಾರುವ ವಿಚಾರ. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಮನೆತನದ ಗುರುತೆಂದು ಪೆಟ್ಟಿಗೆಯಲ್ಲಿಟ್ಟು ಕಳಿಸಬೇಡಿರಿ. ತೋಟದಲ್ಲಿ ಬಸಿಗಾಲುವೆ ತೆಗೆಸುವಾಗ ಜೆಸಿಬಿಯ ಬಾಯಿಗೆ ಹಳೆಯ ಆಯುಧವೋ ನಾಣ್ಯವೋ ಸಿಕ್ಕರೆ, ಜಮೀನು ನಮ್ಮದು ಎಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ. 1962ರ ಕರ್ನಾಟಕ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಅವರ ಕಡೆಯವರು ಬಂದು ನೋಡುವ ತನಕ ಆ ಜಾಗದಲ್ಲಿ ಕಾಲುವೆ ಕೆಲಸ ನಿಲ್ಲಿಸಿ, ಸಿಕ್ಕಿದ್ದನ್ನು ತೊಳೆಯದೆ, ತಿಕ್ಕದೆ ಹಾಗೆಯೇ ಇಡಿ.