ಹೊಟ್ಟೆನೋವು ಮೊದಲು ಎಲ್ಲಿ ಆರಂಭವಾಯಿತು?

ಸಾಂಗಲಿ-ಮಿರಜಗಳ ಕನ್ನಡ ಮನೆಗಳ ಮಕ್ಕಳು ವೈದ್ಯಕೀಯವನ್ನು ಓದುವುದು ಇಂಗ್ಲಿಷಿನಲ್ಲಿ. ಅವರೆದುರು ಬಂದು ಮಲಗುವ ರೋಗಿ ಅಥಣಿಯವನೋ ಜತ್ತದವನೋ ಆಗಿದ್ದರೆ "ಹೊಟ್ಟಿ ಕಡಿಯಾಕ ಹತ್ತೇತ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಶಸ್ತ್ರವೈದ್ಯದ ಪರೀಕ್ಷೆಗೆ ಓದುತ್ತಿರುವ ನಮ್ಮ ಶಾಲೆಯ ಕಿರಿಯರಿಗೂ, ಮನೆಯಲ್ಲಿ ಮಕ್ಕಳಿರುವ ವಾಚಕರಿಗೂ ಉಪಯೋಗವಾಗಲೆಂದು ಅಪೆಂಡಿಸೈಟಿಸ್ ಎಂಬ ಒಂದೇ ರೋಗವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ರೋಗಕ್ಕೆ ಹೆಸರಿಟ್ಟುದು 1886ರಲ್ಲಿ. ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದುದು 1894ರಲ್ಲಿ, ಅಂದರೆ ಕೇವಲ ಎಂಟು ವರ್ಷಗಳ ಅನಂತರ. 1902ರಲ್ಲಿ ದೊರೆ ಏಳನೆಯ ಎಡ್ವರ್ಡನ ಪಟ್ಟಾಭಿಷೇಕವೇ ಈ ರೋಗದ ಕೀವಿನಿಂದಾಗಿ ಮುಂದೆ ಹೋಯಿತು. ಫ್ರೆಡರಿಕ್ ಟ್ರೀವ್ಸ್ ಕೀವನ್ನು ಹೊರತೆಗೆದ ಮೇಲೆ ದೊರೆ ಬದುಕಿದನು.

ಅಪೆಂಡಿಕ್ಸ್ ಎಂಬುದು ದೊಡ್ಡ ಕರುಳಿನ ಆರಂಭಕ್ಕೆ ಅಂಟಿಕೊಂಡ ಬೆರಳಿನಂತಹ ಕಿರುಕೊಳವೆ. ಅದರ ಬಾಯಿ ಕಟ್ಟಿಕೊಂಡಾಗ ಒಳಗೆ ಒತ್ತಡವೇರಿ ಗೋಡೆ ಬಾಯುತ್ತದೆ. ಕರುಳಿನ ಗೋಡೆಯ ನೋವು ಬೆನ್ನುಹುರಿಯ ಹತ್ತನೆಯ ಎದೆನರದ ಮಟ್ಟವನ್ನು ಸೇರುವುದರಿಂದ, ರೋಗಿ ಮೊದಲು ತೋರಿಸುವುದು ಹೊಕ್ಕುಳನ್ನು. ಕೆಲವು ಗಂಟೆಗಳ ಬಳಿಕ ಉರಿಯೂತವು ಹೊಟ್ಟೆಯ ಒಳಪೊರೆಗೆ ತಗಲುತ್ತದೆ. ಆ ಪೊರೆ ಚರ್ಮದಂತೆಯೇ ನೋವಿನ ಜಾಗವನ್ನು ಖಚಿತವಾಗಿ ತಿಳಿಸಬಲ್ಲದು. ಆಗ ನೋವು ಬಲ ಕೆಳಹೊಟ್ಟೆಗೆ ಇಳಿದು ನಿಲ್ಲುತ್ತದೆ. ಪರೀಕ್ಷಕರು ಕೇಳುವುದು ಈ ಕಾರಣವನ್ನೇ.

ಲಕ್ಷಣಗಳ ಅನುಕ್ರಮವನ್ನೂ ನೆನಪಿಡಬೇಕು: ನೋವು ಮೊದಲು, ವಾಂತಿ ಆಮೇಲೆ, ಜ್ವರ ಇನ್ನೂ ತಡವಾಗಿ. ವಾಂತಿಯೇ ಮುಂದಾಗಿ ನೋವು ಹಿಂದೆ ಬಂದರೆ ಬೇರೆ ರೋಗವನ್ನೂ ಶಂಕಿಸಬೇಕು. ಬಲಸೊಂಟದ ಎಲುಬಿನ ಮುಂದಿನ ಮೊನೆಯಿಂದ ಹೊಕ್ಕುಳಿಗೆ ಗೆರೆಯೆಳೆದರೆ, ಎಲುಬಿನ ಕಡೆಯಿಂದ ಮೂರನೆಯ ಒಂದು ಭಾಗದಲ್ಲಿರುವುದೇ 1889ರಲ್ಲಿ ಮ್ಯಾಕ್‌ಬರ್ನಿ ಗುರುತಿಸಿದ ಬಿಂದು. ಕೆಮ್ಮಿದರೆ ಅಲ್ಲಿ ಚುಚ್ಚಿದಂತಾಗುತ್ತದೆ. ಆದರೆ ನೋವು ಹೀಗೆ ಶಿಸ್ತಾಗಿ ಸಾಗುವುದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ. ಕೊಳವೆ ದೊಡ್ಡ ಕರುಳಿನ ಹಿಂದೆ ಅಡಗಿದ್ದರೆ ಹೊಟ್ಟೆ ಮೆತ್ತಗೇ ಇರಬಹುದು. ಎಳೆಯರಲ್ಲಿ, ವೃದ್ಧರಲ್ಲಿ, ಗರ್ಭಿಣಿಯರಲ್ಲಿ ಚಿತ್ರ ಮಸುಕು. ಹೆರುವ ವಯಸ್ಸಿನ ಹೆಣ್ಣುಮಗಳಲ್ಲಿ ಗರ್ಭಕೋಶದ ಹೊರಗೆ ನಿಂತ ಬಸಿರನ್ನು ಮರೆಯುವುದಂತೂ ಅಕ್ಷಮ್ಯ.

ನಮ್ಮ ಮನೆಗಳ ರೂಢಿಯ ಬಗೆಗೂ ಒಂದು ಮಾತು. ಹೊಟ್ಟೆನೋವೆಂದರೆ ಔಡಲೆಣ್ಣೆ ಕುಡಿಸುವ ಅಜ್ಜಿಯರ ಪ್ರೀತಿ ದೊಡ್ಡದು, ಆದರೆ ಇಲ್ಲಿ ಅದು ಘಾತಕವಾಗಬಲ್ಲದು. ಭೇದಿಮದ್ದು ಕರುಳನ್ನು ಕೆರಳಿಸುವುದರಿಂದ ಬಾತ ಕೊಳವೆ ಒಡೆಯುವ ಅಪಾಯ ಹೆಚ್ಚುತ್ತದೆ. ಒಡೆದೊಡನೆ ಒತ್ತಡವಿಳಿದು ನೋವು ತುಸು ಶಮನವಾಗುವುದೂ ಉಂಟು. "ಎಣ್ಣೆ ಹತ್ತಿತು" ಎಂದು ಮನೆಯವರು ಸಮಾಧಾನಪಡುವ ಆ ಹೊತ್ತಿನಲ್ಲಿ ಕೀವು ಹೊಟ್ಟೆಯ ತುಂಬ ಹರಡುತ್ತಿರುತ್ತದೆ. ಚೆನ್ನಾಗಿದ್ದವರಲ್ಲಿ ಹಠಾತ್ತನೆ ಹುಟ್ಟಿದ ತೀವ್ರ ನೋವು ಆರು ಗಂಟೆ ಮೀರಿದರೆ ಅದು ಶಸ್ತ್ರವೈದ್ಯರು ನೋಡಬೇಕಾದ ನೋವೆಂದು ಹಿಂದಿನಿಂದಲೂ ಕಲಿಸುತ್ತ ಬಂದಿದ್ದಾರೆ. ಅಸಹನೀಯವಾಗಿದ್ದರೆ ಅಷ್ಟು ಕಾಯಲೂ ಬಾರದು. ಊಟ ಕೊಡದೆ ಕರೆತರಬೇಕು.

ಆಸ್ಪತ್ರೆಯಲ್ಲಿ ನೋವಿನ ಮದ್ದು ಕೊಟ್ಟರೆ ರೋಗ ಮರೆಯಾಗುತ್ತದೆಂಬ ಹಳೆಯ ಭಯ ಈಗ ಉಳಿದಿಲ್ಲ. ಸೋನೋಗ್ರಫಿ, ಸಿ.ಟಿ. ನೆರವಿಗಿವೆ, ದುರ್ಬೀನಿನ ಶಸ್ತ್ರಕ್ರಿಯೆ ಸಾಮಾನ್ಯವಾಗಿದೆ, ಆಯ್ದ ಕೆಲವರಿಗೆ ಪ್ರತಿಜೈವಿಕಗಳಷ್ಟೇ ಸಾಕಾಗಬಹುದು, ಆದರೆ ರೋಗ ಮರುಕಳಿಸುವ ಸಂಭವವಿದೆ. ಇಷ್ಟಾದರೂ ರಾಯಬಾಗ, ಕುಡಚಿಗಳಿಂದ ರೈಲಿಳಿದು ಬಂದ ರೋಗಿಯ ಮಂಚದ ಬಳಿ ಕನ್ನಡ ಬಲ್ಲ ನಮ್ಮ ಹುಡುಗ ಹುಡುಗಿಯರು ಯಂತ್ರಕ್ಕಿಂತ ಮೊದಲೇ ಕೇಳಬಹುದಾದ ಪ್ರಶ್ನೆಗಳು ಎರಡಿವೆ: "ಮೊದಲ ಎಲ್ಲಿ ನೋವು ಸುರು ಆತ್ರಿ? ಈಗ ಎಲ್ಲಿ ಐತ್ರಿ?"